ಮೂರು ಬೈಕು, ಒಂದು ಗೆರೆ

ಒಂದು ಸಣ್ಣ ಕಂಪನಿಗೆ ಮೂರು ಬೈಕ್ ಡಿಸೈನ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಬೈಕು ದಿನಾ ಆಫೀಸಿಗೆ ಹೋಗಿಬರಲು, ಒಂದು ಹೆದ್ದಾರಿಗೆ, ಇನ್ನೊಂದು ಮಣ್ಣು ರಸ್ತೆಗೆ. ಮೂರೂ ಒಂದೇ ಮನೆಯವು ಅಂತ ದೂರದಿಂದಲೇ ಗೊತ್ತಾಗಬೇಕಿತ್ತು.

ಮೊದಲು ಸುಲಭದ ದಾರಿ ಹಿಡಿದೆ. ಮೂರಕ್ಕೂ ಅದೇ ಏಳು ಇಂಚಿನ ದುಂಡು ಹೆಡ್‌ಲೈಟ್, ಅದೇ ಸ್ಟಿಕ್ಕರ್, ಅದೇ ಬಣ್ಣ. ಕ್ಲೇ, ಅಂದರೆ ಜೇಡಿಯಂಥ ಮಣ್ಣಿನ, ಮಾದರಿ ಮುಗಿದ ಮೇಲೆ, ಮೈಸೂರಿನ ಅಗ್ರಹಾರದಲ್ಲಿ ಹಳೇ ಜಾವಾ, ಯೆಜ್ಡಿ ರಿಪೇರಿ ಮಾಡುವ ಮೇಸ್ತ್ರಿಯೊಬ್ಬರನ್ನು ಕರೆದು ತೋರಿಸಿದೆ. ಸುತ್ತಲೂ ಒಂದು ಸಲ ನಡೆದು ನೋಡಿದರು. "ಇವು ಅಣ್ಣತಮ್ಮಂದಿರಲ್ಲ ಸಾರ್. ಒಂದೇ ಸ್ಕೂಲಿನ ಯೂನಿಫಾರಂ ಹಾಕ್ಕೊಂಡಿವೆ, ಅಷ್ಟೆ" ಅಂದರು.

ಆ ಮಾತು ನಿಜವಾಗಿತ್ತು. ಚಿಕ್ಕ ಬೈಕಿಗೆ ಆ ದೀಪ ಜಾಸ್ತಿ ದೊಡ್ಡದು. ಮಣ್ಣು ರಸ್ತೆಯ ಬೈಕಿನಲ್ಲಿ ಅದೇ ದೀಪ ಎತ್ತರದ ಮಡ್‌ಗಾರ್ಡ್ ಮೇಲೆ ಒಂಟಿಯಾಗಿ ಕೂತಿತ್ತು.

ಮಾರನೇ ದಿನ ಅವರ ಗ್ಯಾರೇಜಿಗೆ ಹೋಗಿ ಸಂಜೆಯವರೆಗೂ ಕೂತೆ. ಮೈಸೂರಿನದೇ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಈ ಗಾಡಿಗಳನ್ನು ತಯಾರಿಸಲು ಶುರು ಮಾಡಿ 1996ರಲ್ಲಿ ಮುಚ್ಚಿತು. ನಡುವೆ, 1973ರಲ್ಲಿ, ಟ್ಯಾಂಕಿನ ಮೇಲಿದ್ದ ಹೆಸರೇ ಜಾವಾ ಹೋಗಿ ಯೆಜ್ಡಿ ಆಯಿತು. ಆದರೂ ಗಾಡಿ ಗುರುತು ಸಿಗುತ್ತಿತ್ತು ಅಲ್ವಾ? ಒಂದೇ ಸಿಲಿಂಡರ್ ಆದರೂ ಎರಡೂ ಪಕ್ಕ ಒಂದೊಂದು ಸೈಲೆನ್ಸರ್. ಮೊಟ್ಟೆಯಂತೆ ನುಣುಪಾದ ಎಂಜಿನ್ ಕವರ್. ಕಿಕ್ ಹೊಡೆಯುವ ಲಿವರೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್. ಯೆಜ್ಡಿಯ ರೋಡ್‌ಕಿಂಗ್ ಮಾಡೆಲ್ ಬಂದಾಗಲೂ ಇವು ಹೋಗಲಿಲ್ಲ. ಎಲ್ಲವೂ ಗಾಡಿ ಕೆಲಸ ಮಾಡುವ ರೀತಿಯಿಂದಲೇ ಹುಟ್ಟಿದ ಗುರುತುಗಳು. ನನ್ನ ಸ್ಟಿಕ್ಕರಿಗೆ ಆ ಬಲ ಇರಲಿಲ್ಲ.

ವಾಪಸ್ ಬಂದು ಮೂರೂ ಬೈಕಿನ ಪಕ್ಕನೋಟವನ್ನು ಬರೀ ಕಪ್ಪು ನೆರಳಾಗಿ ಮಾಡಿ, ಫ್ಲೆಕ್ಸ್ ಅಂಗಡಿಯಲ್ಲಿ ನಿಜವಾದ ಅಳತೆಗೇ ಪ್ರಿಂಟ್ ಹಾಕಿಸಿದೆ. ಒಂದೊಂದೂ ಹತ್ತಿರ ಹತ್ತಿರ ಎರಡು ಮೀಟರ್. ಗೋಡೆಗೆ ಕಟ್ಟಿ ಇಪ್ಪತ್ತು ಹೆಜ್ಜೆ ಹಿಂದೆ ನಿಂತು ನೋಡಿದೆ. ಬಣ್ಣ, ಹೆಸರು, ಹೊಳಪು ಏನೂ ಇಲ್ಲದಾಗ ಮೂರೂ ಬೇರೆ ಬೇರೆ ಕಂಪನಿಯ ಗಾಡಿಗಳಂತಿದ್ದವು.

ಆ ಫ್ಲೆಕ್ಸ್ ಮೇಲೆಯೇ ಕೆಂಪು ಟೇಪ್ ಎಳೆಯುತ್ತಾ ಹೋದೆ. ಮೂರು ವಾರ ಹಿಡಿಯಿತು. ಕೊನೆಗೆ ನಿಂತದ್ದು ಒಂದೇ ಗೆರೆ. ಹ್ಯಾಂಡಲ್ ತಿರುಗುವ ಜಾಗದಿಂದ ಶುರುವಾಗಿ, ಟ್ಯಾಂಕಿನ ಕೆಳಅಂಚು, ಸೈಡ್ ಪ್ಯಾನೆಲ್ ದಾಟಿ, ಹಿಂದಿನ ಚಕ್ರದ ಆಕ್ಸಲ್ ಕಡೆಗೆ ಇಳಿಯುವ ಗೆರೆ. ಮಣ್ಣು ರಸ್ತೆಯ ಬೈಕಿಗೆ ಸಸ್ಪೆನ್ಷನ್ ಉದ್ದ, ಹಾಗಾಗಿ ಅದರಲ್ಲಿ ಇಳಿಜಾರು ಜಾಸ್ತಿ. ಪರವಾಗಿಲ್ಲ. ಕೋನ ಬದಲಾದರೂ ಹೊರಡುವ ಜಾಗ, ಸೇರುವ ಜಾಗ ಬದಲಾಗಬಾರದು ಅಂತ ಹಟ ಹಿಡಿದೆ. ಹೆಡ್‌ಲೈಟ್‌ಗಳನ್ನು ಬೇರೆ ಬೇರೆ ಅಳತೆಗೆ ಬಿಟ್ಟೆ, ದೀಪದ ನಡುಮಧ್ಯ ಮಾತ್ರ ಟ್ಯಾಂಕಿನ ಮೇಲ್ಗೆರೆಯ ನೇರಕ್ಕೆ ಬಂತು.

ಇನ್ನೊಂದು ಕೆಲಸ ಅಂಚುಗಳದ್ದು. ಪ್ರತಿ ಭಾಗಕ್ಕೂ ಮನಸ್ಸಿಗೆ ಬಂದಷ್ಟು ದುಂಡು ಕೊಟ್ಟಿದ್ದೆವು. ಅದನ್ನು ಬಿಟ್ಟು 4, 12, 40 ಮಿಲಿಮೀಟರ್ ಅಂತ ಮೂರೇ ಅಳತೆ ಇಟ್ಟೆವು. ಟ್ಯಾಂಕಿಗೆ ದೊಡ್ಡದು, ಪ್ಯಾನೆಲ್‌ಗೆ ನಡುವಿನದು, ಲೋಹದ ಭಾಗಗಳಿಗೆ ಸಣ್ಣದು. ಟ್ಯೂಬ್‌ಲೈಟ್ ಬೆಳಕು ಮೂರೂ ಟ್ಯಾಂಕಿನ ಮೇಲೆ ಒಂದೇ ಥರ ಜಾರತೊಡಗಿದ್ದು ಆಗ.

ಹೊಸ ಕ್ಲೇ ಸಿದ್ಧವಾದಾಗ ಮೇಸ್ತ್ರಿಯನ್ನು ಮತ್ತೆ ಕರೆದೆ. ಹೆಸರಿರುವ ಜಾಗಕ್ಕೆ ಬಟ್ಟೆ ಮುಚ್ಚಿದ್ದೆ. ಈ ಸಲ ಅವರು ಸುತ್ತು ಹಾಕಲಿಲ್ಲ. ಬಾಗಿಲಲ್ಲೇ ನಿಂತು ಚಿಕ್ಕ ಬೈಕನ್ನು ತೋರಿಸಿ, "ಇದು ಕೊನೇ ಮಗನಾ ಸಾರ್?" ಅಂತ ಕೇಳಿದರು.