ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟ: ಕೆಂಪು ವೈನನ್ನು ಅರಿತು ಸವಿಯುವ ಬಗೆ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯಲ್ಲಿ, ರಘುನಾಥಪುರದ ಬಳಿ, ಗ್ರೋವರ್ ಕುಟುಂಬ ಕಟ್ಟಿ ಬೆಳೆಸಿದ ದ್ರಾಕ್ಷಿತೋಟವೂ ಅದಕ್ಕೆ ಹೊಂದಿಕೊಂಡ ವೈನರಿಯೂ ಇವೆ. ಮುಂಬಯಿಯ ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಸೀಮೆಯ ಬೆಳೆಗಾರ ಜಾರ್ಜ್ ವೆಸೆಲ್ ಅವರೊಡನೆ ಸೇರಿ, ಫ್ರೆಂಚ್ ತಳಿಗಳು ನಮ್ಮ ದೇಶದ ಯಾವ ಮಣ್ಣಿಗೆ, ಯಾವ ಹವೆಗೆ ಒಗ್ಗುತ್ತವೆ ಎಂದು ವರ್ಷಗಟ್ಟಲೆ ಪರೀಕ್ಷಿಸಿ, ಕೊನೆಗೆ ನಂದಿಬೆಟ್ಟದ ತಪ್ಪಲನ್ನು ಆರಿಸಿಕೊಂಡರು. 1988ರಲ್ಲಿ ಸಂಸ್ಥೆ ಶುರುವಾಯಿತು. ಮುಂದೆ ಮಗ ಕಪಿಲ್, ಮೊಮ್ಮಗಳು ಕರಿಷ್ಮಾ ಕೂಡ ಇದೇ ಕೆಲಸಕ್ಕೆ ಬಂದರು. 2012ರಲ್ಲಿ ನಾಸಿಕದ ವೈನರಿಯೊಂದರ ಜೊತೆ ವಿಲೀನವಾದ ಮೇಲೆ ಹೆಸರು ಗ್ರೋವರ್ ಜಂಪಾ ಎಂದಾಯಿತು.

ಕೆಂಪು ವೈನನ್ನು ಮೊದಲ ಸಲ ಬಾಯಿಗಿಟ್ಟವರು ‘ಏನಿದು, ಬರೀ ಒಗರು’ ಎಂದು ಲೋಟವನ್ನು ಕೆಳಗಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರ ನಾಲಿಗೆ ಹೇಳಿದ್ದು ಸರಿಯಾಗಿಯೇ ಇದೆ. ವೈನ್ ಬಲ್ಲವರು ಟ್ಯಾನಿನ್ ಎಂದು ಕರೆಯುವುದು ಈ ಒಗರನ್ನೇ. ನೇರಳೆಹಣ್ಣು, ಎಳೆಯ ಬಾಳೆಕಾಯಿ, ಅಡಿಕೆ ಬೇಯಿಸಿದ ಚೊಗರು ಇವುಗಳೊಂದಿಗೆ ಬೆಳೆದ ನಮಗೆ ಒಗರು ಹೊಸದೇನಲ್ಲ. ಅದು ಎಲ್ಲಿಂದ ಬರುತ್ತದೆ, ಯಾವಾಗ ಹದವಾಗುತ್ತದೆ, ಯಾವ ಊಟದೊಂದಿಗೆ ಸೌಮ್ಯವಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಕೆಂಪು ವೈನಿನ ಮುಕ್ಕಾಲು ಪಾಲು ತಿಳಿದಂತೆ. ಅದನ್ನು ತಿಳಿಯಲು ತೋಟಕ್ಕಿಂತ ಒಳ್ಳೆಯ ಜಾಗವಿಲ್ಲ.

ಹೋಗುವ ಕಾಲವನ್ನು ಮೊದಲು ನಿಶ್ಚಯಿಸಿಕೊಳ್ಳಿ. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆಯುದುರಿಸಿ ನಿದ್ದೆಹೋಗುತ್ತದೆ. ಅಲ್ಲಿ ವರ್ಷಕ್ಕೊಮ್ಮೆ ಸವರಿದರೆ ಸಾಕು. ನಮ್ಮಲ್ಲಿ ಬಳ್ಳಿಗೆ ಅಂತಹ ನಿದ್ದೆಯೇ ಇಲ್ಲ. ಆದ್ದರಿಂದ ರೈತರು ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುತ್ತಾರೆ: ಏಪ್ರಿಲ್ ಸುಮಾರಿಗೆ ಕಡ್ಡಿ ಬಲಿಯಲೆಂದು ಒಂದು, ಮಳೆ ಹಿಂದೆಗೆಯುವ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಫಸಲಿಗೆಂದು ಇನ್ನೊಂದು. ಮಳೆಗಾಲದಲ್ಲಿ ಹಣ್ಣು ಬಿಟ್ಟರೆ ಗೊಂಚಲು ಕೊಳೆಯುತ್ತದೆ, ಬೂಜು ತುಪ್ಪಟ ರೋಗ ಎಲೆಯನ್ನೇ ತಿಂದುಹಾಕುತ್ತದೆ. ಎರಡನೆಯ ಚಾಟನಿಯಾದ ನಾಲ್ಕೈದು ತಿಂಗಳಿಗೆ, ಅಂದರೆ ಫೆಬ್ರವರಿ-ಮಾರ್ಚ್ ಹೊತ್ತಿಗೆ, ಹಗಲು ಬಿಸಿಲಾಗಿಯೂ ಇರುಳು ತಂಪಾಗಿಯೂ ಇರುವಾಗ ಕೊಯ್ಲು ನಡೆಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲದ ದೊಡ್ಡ ಅನುಕೂಲವೇ ಆ ತಂಪು ರಾತ್ರಿ. ಹಣ್ಣಿನಲ್ಲಿ ಸಕ್ಕರೆ ಏರುತ್ತಿದ್ದರೂ ಹುಳಿ ಪೂರ್ತಿ ಇಳಿದುಹೋಗದಂತೆ ಅದು ಕಾಯುತ್ತದೆ. ಹಣ್ಣು ತೂಗುವುದನ್ನು ನೋಡಬೇಕೆಂದರೆ ಫೆಬ್ರವರಿಯಲ್ಲಿ ಹೋಗಿ; ಏಪ್ರಿಲ್ ಕಳೆದ ಮೇಲೆ ಹೋದರೆ ಬೋಳು ಕಡ್ಡಿಗಳೋ ಹೊಸ ಚಿಗುರೋ ಮಾತ್ರ ಕಂಡಾವು. ತೋಟ ಸುತ್ತಿಸಿ ರುಚಿ ತೋರಿಸುವ ವ್ಯವಸ್ಥೆಗೆ ಮೊದಲೇ ಹೆಸರು ಕಾಯ್ದಿರಿಸಿ. ಶನಿವಾರ, ಭಾನುವಾರ ಬೆಳಗಿನ ಜಾವದಿಂದಲೇ ನಂದಿಬೆಟ್ಟಕ್ಕೆ ಬೆಂಗಳೂರಿನ ಜನ ಮುಗಿಬೀಳುವುದರಿಂದ ವಾರದ ನಡುವಿನ ದಿನ ಲೇಸು. ಮರಳುವಾಗ ಗಾಡಿ ಓಡಿಸಲು ವೈನ್ ಮುಟ್ಟದ ಒಬ್ಬರು ಜೊತೆಗಿರಲೇಬೇಕು. ಇಲ್ಲವಾದರೆ ಬಾಡಿಗೆ ಕಾರು ಮಾಡಿಕೊಳ್ಳಿ.

ದಾರಿಯಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಸಿಕ್ಕರೆ ಅರ್ಧ ಕಿಲೋ ಕೊಂಡುಕೊಳ್ಳಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಸುತ್ತ ಚಪ್ಪರಕ್ಕೆ ಹಬ್ಬಿಸಿ ಬೆಳೆಯುವ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಹಣ್ಣನ್ನು ಹಿಸುಕಿದರೆ ತಿರುಳು ಸಿಪ್ಪೆಯಿಂದ ಜಾರಿ ಬಾಯಿಗೆ ಬೀಳುತ್ತದೆ. ಅದರ ಘಮವೂ ಗಾಢ, ಶರಬತ್ತಿನಂಥದ್ದು. ಈಗ ತೋಟದಲ್ಲಿ, ತೋಟ ಸುತ್ತಿಸುವವರ ಅನುಮತಿ ಕೇಳಿ, ಕೆಂಪು ವೈನಿನ ಫ್ರೆಂಚ್ ತಳಿಗಳಾದ ಶಿರಾಜ್ ಇಲ್ಲವೆ ಕ್ಯಾಬರ್ನೆ ಸುವಿನ್ಯೋ ಗೊಂಚಲಿನಿಂದ ಒಂದೆರಡು ಕಾಳು ಬಿಡಿಸಿಕೊಳ್ಳಿ. ಕಾಳು ಚಿಕ್ಕದು, ತಿರುಳು ಕಡಿಮೆ, ಬೀಜ ದೊಡ್ಡದು. ತಿರುಳನ್ನು ನುಂಗಿದ ಮೇಲೆ ಸಿಪ್ಪೆಯನ್ನಷ್ಟೇ ಹತ್ತು ಹದಿನೈದು ಸಲ ಅಗಿಯಿರಿ. ಒಸಡಿನ ಮೇಲೆ, ಕೆನ್ನೆಯ ಒಳಬದಿಯಲ್ಲಿ ಬಟ್ಟೆ ಒತ್ತಿದಂತೆ ತೇವ ಹೀರಿಕೊಳ್ಳುವ ಅನುಭವವಾಗುತ್ತದೆ. ಇದೇ ಮೂಲ ಒಗರು. ಬೀಜವನ್ನು ಕಚ್ಚಿ ನೋಡಿ. ಹಸಿರಾಗಿದ್ದರೆ ಕಹಿಯೊಗರು, ಕಂದಾಗಿ ಗರಿಗರಿಯಾಗಿದ್ದರೆ ಹುರಿದ ಕಾಳಿನ ರುಚಿ. ಕೊಯ್ಲಿನ ದಿನವನ್ನು ನಿಶ್ಚಯಿಸುವಾಗ ಬೆಳೆಗಾರರು ಸಕ್ಕರೆಯ ಅಂಶವನ್ನು ಅಳೆಯುವುದರ ಜೊತೆಗೆ ಹೀಗೆ ಅಗಿದೂ ನೋಡುತ್ತಾರೆ. ವೈನಿಗೆ ಸುಮಾರು 22ರಿಂದ 24 ಬ್ರಿಕ್ಸ್, ಅಂದರೆ ನೂರು ಗ್ರಾಂ ರಸದಲ್ಲಿ ಹೆಚ್ಚುಕಡಿಮೆ ಅಷ್ಟು ಗ್ರಾಂ, ಸಕ್ಕರೆ ಬೇಕು. ಅದು ಹುದುಗಿದಾಗ ಶೇಕಡಾ 13ರ ಆಸುಪಾಸಿನ ಮದ್ಯಸಾರವಾಗುತ್ತದೆ.

ವೈನರಿಯ ಒಳಗೆ ನೋಡಬೇಕಾದ ಮುಖ್ಯ ಸಂಗತಿ ಒಂದೇ: ಕೆಂಪು ವೈನಿನಲ್ಲಿ ರಸವೂ ಸಿಪ್ಪೆಯೂ ಒಟ್ಟಿಗೆ ಹುದುಗುತ್ತವೆ. ಕಪ್ಪು ದ್ರಾಕ್ಷಿಯ ರಸ ಹೆಚ್ಚುಕಡಿಮೆ ಬಣ್ಣವಿಲ್ಲದ್ದು. ಬಣ್ಣ ಸಿಪ್ಪೆಯಿಂದಲೇ ಇಳಿಯಬೇಕು, ಒಗರು ಸಿಪ್ಪೆಯಿಂದಲೂ ಬೀಜದಿಂದಲೂ. ಹುದುಗುವಾಗ ಏಳುವ ಅನಿಲ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಪದರ ಕಟ್ಟುತ್ತದೆ. ತಳದ ರಸವನ್ನು ಪಂಪಿನಿಂದ ಎತ್ತಿ ಆ ಪದರದ ಮೇಲೆ ದಿನವೂ ಸುರಿಯುತ್ತಾರೆ, ಇಲ್ಲವೆ ಪದರವನ್ನು ಒಳಕ್ಕೆ ಅದುಮುತ್ತಾರೆ. ಇದನ್ನು ಎಷ್ಟು ದಿನ, ಎಷ್ಟು ಸಲ ಮಾಡಿದರು ಎಂದು ಮಾರ್ಗದರ್ಶಕರನ್ನು ಕೇಳಿ. ಉತ್ತರದಲ್ಲಿಯೇ ಆ ವೈನಿನ ಸ್ವಭಾವ ಅಡಗಿರುತ್ತದೆ. ಆಮೇಲೆ ಕೆಲವನ್ನು 225 ಲೀಟರಿನ ಓಕ್ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಮರದ ಸಂದುಗಳಿಂದ ಒಳನುಸುಳುವ ಅಷ್ಟಿಷ್ಟು ಗಾಳಿ ಒಗರಿನ ಮೊನಚನ್ನು ತಗ್ಗಿಸುತ್ತದೆ. ಇಲ್ಲಿನ ಹೆಸರಾಂತ ಲಾ ರಿಸರ್ವ್ ಎಂಬ ವೈನು ಕ್ಯಾಬರ್ನೆ ಸುವಿನ್ಯೋ ಮತ್ತು ಶಿರಾಜ್ ಬೆರೆಸಿ ಓಕ್‌ನಲ್ಲಿ ಮಾಗಿಸಿದ್ದು. ಫ್ರಾನ್ಸಿನ ಬೋರ್ಡೊ ಸೀಮೆಯ ವೈನ್ ಸಲಹೆಗಾರ ಮಿಶೆಲ್ ರೋಲಾಂ 1990ರ ದಶಕದಿಂದ ಈ ತೋಟದ ವೈನುಗಳಿಗೆ ಸಲಹೆ ನೀಡಿದವರು.

ರುಚಿ ನೋಡುವಾಗ ಆತುರ ಬೇಡ. ಒಂದೊಂದು ವೈನನ್ನೂ ಸಣ್ಣ ಅಳತೆಯಲ್ಲಿ, ಮೂವತ್ತೋ ಐವತ್ತೋ ಮಿಲಿಲೀಟರಿನಷ್ಟು, ಸುರಿಯುತ್ತಾರೆ. ಹಗುರವಾದುದರಿಂದ ಗಾಢವಾದುದಕ್ಕೆ, ಓಕ್ ಕಾಣದ್ದರಿಂದ ಓಕ್ ಕಂಡದ್ದಕ್ಕೆ ಸಾಗಿ. ಲೋಟವನ್ನು ಕಾಂಡದಲ್ಲಿ ಹಿಡಿದು ಎರಡು ಸುತ್ತು ತಿರುಗಿಸಿ ಮೂಗಿಗೆ ಹಿಡಿಯಿರಿ. ಬೇರೆಯವರು ಹೇಳುವ ಬ್ಲ್ಯಾಕ್‌ಕರಂಟ್, ಸೀಡರ್ ಮುಂತಾದ ಹೆಸರುಗಳು ನಿಮಗೆ ಹೊಳೆಯದಿದ್ದರೆ ಚಿಂತೆಯಿಲ್ಲ. ಅವು ನಮ್ಮ ಹಿತ್ತಲಲ್ಲಿ ಇಲ್ಲ. ಶಿರಾಜ್‌ನಲ್ಲಿ ಕರಿಮೆಣಸಿನ ವಾಸನೆಯನ್ನು ಹುಡುಕಿ. ಅದು ಕವಿಕಲ್ಪನೆಯಲ್ಲ: ಕಾಳುಮೆಣಸಿಗೆ ಅದರ ಘಮವನ್ನು ಕೊಡುವ ರೊಟಂಡೋನ್ ಎಂಬ ವಸ್ತುವೇ ಶಿರಾಜ್ ಸಿಪ್ಪೆಯಲ್ಲಿಯೂ ಇದೆ. ಕ್ಯಾಬರ್ನೆಯಲ್ಲಿ, ಅದರಲ್ಲೂ ಪೂರ್ತಿ ಮಾಗದ ಹಣ್ಣಿನದರಲ್ಲಿ, ದೊಣ್ಣೆಮೆಣಸಿನಕಾಯಿ ಹೆಚ್ಚಿದಾಗಿನ ಹಸಿರು ವಾಸನೆ ಇರುತ್ತದೆ. ಅದಕ್ಕೂ ಎರಡರಲ್ಲಿಯೂ ಇರುವ ಪೈರಜಿನ್ ಎಂಬ ಒಂದೇ ಬಗೆಯ ವಸ್ತು ಕಾರಣ. ಬಾಯಿಗೆ ತೆಗೆದುಕೊಂಡ ಮೇಲೆ ತೋಟದಲ್ಲಿ ಅಗಿದ ಸಿಪ್ಪೆಯನ್ನು ನೆನಪಿಸಿಕೊಳ್ಳಿ. ಒಗರು ಒಸಡಿನ ಮೇಲೆ ಮರಳಿನಂತೆ ಕೂತಿತೇ, ರೇಷ್ಮೆಯಂತೆ ಹಾಸಿಕೊಂಡಿತೇ, ಎಷ್ಟು ಹೊತ್ತು ಉಳಿಯಿತು ಎಂದು ಗಮನಿಸಿ ಒಂದು ಸಾಲು ಬರೆದಿಟ್ಟುಕೊಳ್ಳಿ. ರುಚಿ ನೋಡಿ ಉಗುಳಲು ಪಾತ್ರೆ ಕೇಳಿ. ನಮ್ಮಲ್ಲಿ ನಾಲ್ಕು ಜನರೆದುರು ಉಗುಳುವುದು ಮುಜುಗರದ ವಿಷಯ, ನಿಜ. ಆದರೆ ಈ ಕೆಲಸದಲ್ಲಿ ಅದು ವಾಡಿಕೆ, ಐದನೆಯ ವೈನಿನ ಹೊತ್ತಿಗೂ ನಾಲಿಗೆ ಚುರುಕಾಗಿರಲು ಅದೇ ದಾರಿ.

ಇನ್ನು ಮನೆಯ ಮಾತು. ಕೆಂಪು ವೈನನ್ನು ‘ಕೋಣೆಯ ತಾಪದಲ್ಲಿ’ ಕುಡಿಯಬೇಕು ಎಂಬ ಹೇಳಿಕೆ ನಮ್ಮಲ್ಲಿ ಮಾಡಿರುವ ಹಾನಿ ಬಹಳ. ಅದು ಹೀಟರ್ ಬರುವ ಮೊದಲಿನ ಯುರೋಪಿನ ಕಲ್ಲುಮನೆಗಳ ಕೋಣೆ. ಅಲ್ಲಿನ ತಾಪ 16ರಿಂದ 18 ಡಿಗ್ರಿ. ಮಾರ್ಚ್ ತಿಂಗಳ ಬೆಂಗಳೂರಿನ ಅಡುಗೆಮನೆಯಲ್ಲಿ 30 ಡಿಗ್ರಿಗೆ ಏರಿದ ವೈನನ್ನು ಸುರಿದರೆ ಮೊದಲು ಮೂಗಿಗೆ ಹೊಡೆಯುವುದು ಮದ್ಯಸಾರ. ಹಣ್ಣಿನ ಘಮ ಅದರಡಿ ಹುದುಗಿಹೋಗುತ್ತದೆ. ಬಾಟಲಿಯನ್ನು ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟು ತೆಗೆಯಿರಿ. ಹೊತ್ತಿಲ್ಲದಿದ್ದರೆ ಬಕೆಟ್ಟಿನಲ್ಲಿ ಐಸೂ ನೀರೂ ಬೆರೆಸಿ ಹತ್ತು ಹನ್ನೆರಡು ನಿಮಿಷ ಮುಳುಗಿಸಿಡಿ. ತೀರ ತಣ್ಣಗಾದರೂ ಕೆಟ್ಟದ್ದೇ, ಒಗರು ಗಡುಸಾಗುತ್ತದೆ. ಮುಟ್ಟಿದರೆ ತಂಪೆನಿಸಬೇಕು, ಗಾಜಿನ ಮೇಲೆ ನೀರು ಹನಿಗಟ್ಟಬಾರದು, ಅದೇ ಹದ. ಹೊಸ ಕ್ಯಾಬರ್ನೆಯಾದರೆ ಊಟಕ್ಕೆ ಅರ್ಧ ಗಂಟೆ ಮೊದಲೇ ಅಗಲ ಬಾಯಿಯ ಗಾಜಿನ ಹೂಜಿಗೆ ಬಗ್ಗಿಸಿ ಗಾಳಿಯಾಡಲು ಬಿಡಿ. ಬರಿದೆ ಕಾರ್ಕ್ ತೆಗೆದಿಟ್ಟರೆ ಆ ಕಿರಿದಾದ ಕುತ್ತಿಗೆಯಲ್ಲಿ ಗಾಳಿ ಏನೂ ಮಾಡಲಾರದು.

ಊಟಕ್ಕೆ ಜೋಡಿಸುವಾಗ ಎರಡು ಸಂಗತಿಗಳನ್ನು ನೆನಪಿಡಿ. ಮಾಂಸದ ಕೊಬ್ಬು ಮತ್ತು ಸಸಾರಜನಕ ಒಗರನ್ನು ಸೌಮ್ಯಗೊಳಿಸುತ್ತವೆ. ಹಸಿಮೆಣಸಿನ, ಒಣಮೆಣಸಿನ ಖಾರ ಅದನ್ನು ಕೆರಳಿಸುತ್ತದೆ. ಆದ್ದರಿಂದ ಗುಂಟೂರು ಮೆಣಸಿನ ಸಾರಿನೊಂದಿಗೆ ಓಕ್ ಕಂಡ ಕ್ಯಾಬರ್ನೆ ಇಟ್ಟರೆ ಬಾಯಿ ಉರಿದು ಎರಡೂ ಹಾಳು. ಬ್ಯಾಡಗಿ ಮೆಣಸಿನ ಬಣ್ಣವೂ ಗಸಗಸೆ-ತೆಂಗಿನಕಾಯಿಯ ಮೈದುಂಬಿದ ಮಸಾಲೆಯೂ ಇರುವ ಕುರಿಮಾಂಸದ ಸಾರು, ಜೊತೆಗೆ ಬಿಸಿ ರಾಗಿಮುದ್ದೆ ಇದ್ದರೆ ಲಾ ರಿಸರ್ವ್‌ನಂಥ ವೈನಿಗೆ ಒಳ್ಳೆಯ ನೆಲೆ ಸಿಗುತ್ತದೆ. ನನ್ನ ಮಟ್ಟಿಗೆ ಕರ್ನಾಟಕದ ಶಿರಾಜ್‌ಗೆ ಕೊಡಗಿನ ಪಂದಿ ಕರಿಗಿಂತ ತಕ್ಕ ಸಂಗಾತಿಯಿಲ್ಲ: ಖಾರ ಕಾಳುಮೆಣಸಿನದು, ಹುಳಿ ಕಾಚಂಪುಳಿಯದು, ಕೊಬ್ಬು ಹೇರಳ. ಮಾಂಸ ತಿನ್ನದವರ ಮನೆಯಲ್ಲಿ ಹುರುಳಿಕಾಳಿನ ಬಸ್ಸಾರು, ಎಣ್ಣೆಗಾಯಿ, ಹುರಿದ ಅಣಬೆ ಒಗರನ್ನು ಚೆನ್ನಾಗಿ ಹೊರುತ್ತವೆ. ಮೀನಿನ ಜೊತೆ ಗಾಢ ಕೆಂಪು ವೈನ್ ಬೇಡ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಉಳಿಯುತ್ತದೆ. ಹೋಳಿಗೆ, ಪಾಯಸ ಇವುಗಳೆದುರು ಯಾವ ಒಣ (ಸಿಹಿಯಿಲ್ಲದ) ವೈನೂ ಹುಳಿಹುಳಿಯಾಗಿ ತೋರುತ್ತದೆ.

ಕೊಂಡು ತಂದದ್ದನ್ನು ಬಿಸಿಲಿನಿಂದ ಕಾಪಾಡಿ. ಒಮ್ಮೆ ಎರಡು ಬಾಟಲಿಗಳನ್ನು ಕಾರಿನಲ್ಲಿ ಬಿಟ್ಟು ದೇವಸ್ಥಾನ ನೋಡಲು ಹೋಗಿದ್ದೆ. ಮರಳಿ ಬರುವಷ್ಟರಲ್ಲಿ ಕಾರ್ಕ್ ಮೇಲೆದ್ದು, ವೈನು ಬೇಯಿಸಿದ ಹಣ್ಣಿನ ಪಾಕದಂತಾಗಿತ್ತು. ಮನೆಯಲ್ಲಿ ಒಲೆಯಿಂದಲೂ ಕಿಟಕಿಯಿಂದಲೂ ದೂರವಿರುವ ಬೀರುವಿನ ಕೆಳಖಾನೆ ಆದೀತು. ಕಾರ್ಕ್ ಇರುವ ಬಾಟಲಿಯನ್ನು ಅಡ್ಡ ಮಲಗಿಸಿ, ತಿರುಪು ಮುಚ್ಚಳದ್ದನ್ನು ನಿಲ್ಲಿಸಿದರೂ ತೊಂದರೆಯಿಲ್ಲ. ನಮ್ಮ ಕೆಂಪು ವೈನುಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳೊಳಗೆ ಕುಡಿಯಲೆಂದು ಮಾಡಿದವು; ಮಗಳ ಮದುವೆಗೆಂದು ಕೂಡಿಡುವ ವಸ್ತುವಲ್ಲ.

ನಾಲಿಗೆ ಸ್ವಲ್ಪ ಪಳಗಿದ ಮೇಲೆ, ಇದೇ ಕ್ಯಾಬರ್ನೆ ತಳಿಯನ್ನು ಕೊಪ್ಪಳ ಜಿಲ್ಲೆಯ ಹನುಮಸಾಗರದ ಬಳಿ ಬೆಳೆದು ಕೃಷ್ಮಾ ಎಂಬ ಹೆಸರಿನಲ್ಲಿ ದಂಪತಿಗಳಿಬ್ಬರು ಮಾಡುವ ವೈನನ್ನು ನಂದಿಯ ಕ್ಯಾಬರ್ನೆಯ ಪಕ್ಕದಲ್ಲಿಟ್ಟು ನೋಡಿ. ಎರಡು ಲೋಟ, ಒಂದೇ ತಾಪ, ಒಂದೇ ಊಟ. ಯಾವುದರ ಒಗರು ನಾಲಿಗೆಯ ತುದಿಯಲ್ಲಿ ಶುರುವಾಗುತ್ತದೆ, ಯಾವುದರದ್ದು ಕೊನೆಗೆ ಬಂದು ಒಸಡಿನಲ್ಲಿ ನಿಲ್ಲುತ್ತದೆ ಎಂದು ಮನೆಯವರನ್ನೂ ಕೇಳಿ. ಎರಡರಲ್ಲಿಯೂ ಒಂದು ಲೋಟದಷ್ಟನ್ನು ಉಳಿಸಿ, ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟು, ಮರುದಿನ ಸಂಜೆ ತೆಗೆದು ತಂಪು ಇಳಿಯಲು ಬಿಟ್ಟು ಮತ್ತೆ ಕುಡಿದು ನೋಡಿ. ಮೊದಲ ದಿನ ಬಿಗಿಯಾಗಿದ್ದ ಒಗರು ಯಾವುದರಲ್ಲಿ ಸಡಿಲಿಸಿದೆಯೋ, ಅದರ ಇನ್ನೊಂದು ಬಾಟಲಿಯನ್ನು ತಂದು ಒಂದೆರಡು ವರ್ಷ ಮಲಗಿಸಿಡಬಹುದು.