ಎಜೆಕ್ಷನ್ ಸೀಟನ್ನು ವಿಂಡ್ ಟನಲ್‌ನಲ್ಲಿ ಪರೀಕ್ಷಿಸುವುದು ಹೇಗೆ?

ಎಜೆಕ್ಷನ್ ಸೀಟು ಅಂದರೆ ಅಪಾಯದ ಹೊತ್ತಲ್ಲಿ ಪೈಲಟ್ ಸಮೇತ ವಿಮಾನದಿಂದ ಹೊರಕ್ಕೆ ಚಿಮ್ಮುವ ಸೀಟು, ವಿಂಡ್ ಟನಲ್ ಅಂದರೆ ಮಾದರಿಯ ಮೇಲೆ ಜೋರು ಗಾಳಿ ಹಾಯಿಸಿ ಅಳೆಯುವ ಸುರಂಗ. ಮೊದಲು ಗಾಳಿಯ ಲೆಕ್ಕ ಹಾಕಿಕೊಳ್ಳಿ. ಸಮುದ್ರ ಮಟ್ಟದಲ್ಲಿ 600 ನಾಟ್ ಅಂದರೆ ಗಂಟೆಗೆ ಸುಮಾರು 1,110 ಕಿ.ಮೀ. ಆ ವೇಗದಲ್ಲಿ ಹೊರಬಿದ್ದ ಸೀಟಿನ ಮೇಲೆ ಚದರ ಮೀಟರಿಗೆ ಹತ್ತಿರಹತ್ತಿರ 6 ಟನ್ ಒತ್ತಡ ಬೀಳುತ್ತದೆ. ಡ್ರ್ಯಾಗ್, ಅಂದರೆ ಗಾಳಿ ಹಿಂದಕ್ಕೆ ತಳ್ಳುವ ಬಲ, ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಸೀಟು ಯಾವ ಕಡೆ ಮಗುಚುತ್ತದೆ ಅನ್ನುವುದೇ ದೊಡ್ಡ ತಲೆನೋವು.

ಮಾದರಿ ಚಿಕ್ಕದಿರಲಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಟ್ರೈಸಾನಿಕ್ ಟನಲ್‌ನಲ್ಲಿ (ಧ್ವನಿವೇಗಕ್ಕಿಂತ ಕಡಿಮೆ, ಅದರ ಹತ್ತಿರ, ಅದಕ್ಕಿಂತ ಹೆಚ್ಚು ಮೂರೂ ವೇಗಗಳಿಗೆ ಆಗುವಂಥದ್ದು) ಪರೀಕ್ಷೆ ನಡೆಯುವ ಜಾಗ 1.2 ಮೀಟರ್ ಚೌಕ. ಪೈಲಟ್ ಕೂತ ಸೀಟಿನ ಎದುರು ಭಾಗ 0.65 ಚದರ ಮೀಟರ್ ಅಂದುಕೊಂಡರೆ, 1:5 ಮಾದರಿ ಅದರಲ್ಲಿ ಶೇ 1.8ರಷ್ಟನ್ನು ಮುಚ್ಚುತ್ತದೆ, 1:10 ಆದರೆ ಶೇ 0.5ಕ್ಕಿಂತ ಕಡಿಮೆ. ಧ್ವನಿವೇಗದ ಹತ್ತಿರ ಹೋದಷ್ಟೂ ಗೋಡೆಗಳ ಕಾಟ ಜಾಸ್ತಿ, ಹಾಗಾಗಿ ಅಲ್ಲಿ 1:10 ವಾಸಿ. ಹೆಲ್ಮೆಟ್, ಮೊಣಕೈ, ಬೂಟು ಯಾವುದನ್ನೂ ಬಿಡಬೇಡಿ. ಸುಮ್ನೆ ಒಂದು ಪೆಟ್ಟಿಗೆ ಮಾಡಿ ನಿಲ್ಲಿಸಿದರೆ ಬರುವ ಅಂಕಿ ಯಾವ ಕೆಲಸಕ್ಕೂ ಬರುವುದಿಲ್ಲ.

ಈಗ ಕಷ್ಟದ ಭಾಗ. ಮಾದರಿಯೊಳಗೆ ಆರು ಘಟಕಗಳ ಸ್ಟ್ರೈನ್ ಗೇಜ್ ಬ್ಯಾಲೆನ್ಸ್ (ಮೂರು ದಿಕ್ಕಿನ ಬಲ, ಮೂರು ದಿಕ್ಕಿನ ತಿರುಚು ಅಳೆಯುವ ಸಾಧನ) ಇಟ್ಟು, ಅದನ್ನು ಸ್ಟಿಂಗ್ ಅನ್ನುವ ಕಂಬಿಗೆ ಸಿಕ್ಕಿಸುತ್ತೀರಿ. ವಿಮಾನದ ಮಾದರಿಗಾದರೆ ಕಂಬಿ ಹಿಂದಿನಿಂದ ಬಂದರೆ ಮುಗಿಯಿತು. ಸೀಟು ಹಾಗಲ್ಲ, ಅದು ಯಾವ ಕೋನದಲ್ಲಿ ಬೇಕಾದರೂ ಗಾಳಿಗೆ ಸಿಗಬಹುದು, ಬೆನ್ನು ಕೊಟ್ಟು ಕೂಡ. ಅದಕ್ಕೇ ಬೆನ್ನು, ತಳ, ಪಕ್ಕ ಹೀಗೆ ಬೇರೆ ಬೇರೆ ಕಡೆಯಿಂದ ಕಂಬಿ ಹಾಕುವ ವ್ಯವಸ್ಥೆ ಮಾಡಿಕೊಂಡು, ಒಂದೇ ಕೋನವನ್ನು ಎರಡು ಥರ ಅಳೆದು ನೋಡಿ. ಎರಡೂ ತಾಳೆಯಾಗದಿದ್ದರೆ ನೀವು ಅಳೆಯುತ್ತಿರುವುದು ಕಂಬಿಯ ಗಾಳಿಯನ್ನು. ಪಕ್ಕಕ್ಕೆ ತಿರುಗಿದ ಕೋನಗಳನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ತೆಗೆದುಕೊಳ್ಳಿ, ಅಲ್ಲಿ ಆತುರ ಬೇಡ. ಬ್ಲೋಡೌನ್ ಟನಲ್‌ನಲ್ಲಿ ತುಂಬಿಟ್ಟ ಗಾಳಿ ಖಾಲಿಯಾಗುವವರೆಗೆ ಮಾತ್ರ ಸಮಯ, ಹಾಗಾಗಿ ಕೋನಗಳ ಪಟ್ಟಿ ಮೊದಲೇ ಸಿದ್ಧವಿರಲಿ.

ಮೊಮೆಂಟ್‌ಗಳನ್ನು, ಅಂದರೆ ಸೀಟನ್ನು ತಿರುಗಿಸುವ ಬಲಗಳನ್ನು, ಒಂದೇ ಬಿಂದುವಿಗೆ ಕಟ್ಟಿಹಾಕಿ ಬಿಡಬೇಡಿ. ತೆಳ್ಳಗಿನ ಪೈಲಟ್ ಕೂತಾಗ ಭಾರಕೇಂದ್ರ ಒಂದು ಕಡೆ, ದಪ್ಪಗಿನವರು ಕೂತಾಗ ಇನ್ನೊಂದು ಕಡೆ, ಅಲ್ವಾ? ರಾಕೆಟ್ ಉರಿಯ ಪ್ರಭಾವವೂ ಬೇಕೆಂದರೆ ಅದರ ಜಾಗದಲ್ಲಿ ಹೆಚ್ಚಿನ ಒತ್ತಡದ ತಣ್ಣನೆಯ ಗಾಳಿ ಬಿಡುತ್ತಾರೆ. ಮೊದಲ ಸುತ್ತಿಗೆ ಅದು ಬೇಡ. ಆದರೆ ಸೀಟು ಇನ್ನೂ ಕಾಕ್‌ಪಿಟ್ ಅಂಚಿನಲ್ಲಿರುವ ಸ್ಥಿತಿಯನ್ನು ವಿಮಾನದ ಮೂತಿಯ ಜೊತೆಗೇ ಒಮ್ಮೆ ಅಳೆಯಿರಿ, ಅಲ್ಲಿನ ಗಾಳಿ ಹೊರಗಿನ ಹಾಗಿರುವುದಿಲ್ಲ.

ಇಷ್ಟಾದ ಮೇಲೆ ಅಂಕಿಗಳು ಕಂಪ್ಯೂಟರ್ ಸಿಮ್ಯುಲೇಶನ್‌ಗೆ ಹೋಗುತ್ತವೆ, ಆಮೇಲೆ ನಿಜವಾದ ಸೀಟು ರಾಕೆಟ್ ಸ್ಲೆಡ್‌ಗೆ, ಅಂದರೆ ಹಳಿಯ ಮೇಲೆ ರಾಕೆಟ್ ಬಲದಿಂದ ಓಡುವ ಬಂಡಿಗೆ. ಡಿಆರ್‌ಡಿಒ 2025ರ ಡಿಸೆಂಬರ್‌ನಲ್ಲಿ ಚಂಡೀಗಢದ ತನ್ನ ಪ್ರಯೋಗಾಲಯ ಟಿಬಿಆರ್‌ಎಲ್‌ನ ಹಳಿಯ ಮೇಲೆ ಗಂಟೆಗೆ 800 ಕಿ.ಮೀ. ವೇಗದಲ್ಲಿ ಇಂಥ ಪರೀಕ್ಷೆ ಮಾಡಿತು. ಸ್ಲೆಡ್ ಓಟಕ್ಕೆ ಮುಂಚೆಯೇ ನಿಮ್ಮ ಸಿಮ್ಯುಲೇಶನ್ ಹೇಳುವ ದಾರಿಯನ್ನು ಬರೆದಿಟ್ಟುಕೊಳ್ಳಿ.