ಸೇನೆಯಲ್ಲಿ ಕಲಿತದ್ದಕ್ಕೆ ಕಾಲೇಜಿನ ಕ್ರೆಡಿಟ್ ಪಡೆಯುವುದು ಹೇಗೆ?

ಅಮೆರಿಕದ ಭೂಸೇನೆಯಲ್ಲಿ ಆರು ವರ್ಷ ಮೆಡಿಕ್ ಆಗಿದ್ದವರೊಬ್ಬರು ಸೇವೆ ಮುಗಿಸಿ ಕಾಲೇಜು ಸೇರಿದರು ಅಂದುಕೊಳ್ಳಿ. ಗಾಯದಿಂದ ಸುರಿಯುವ ರಕ್ತ ನಿಲ್ಲಿಸುವುದು, ಉಸಿರು ಕಟ್ಟಿದವರನ್ನು ಉಳಿಸುವುದು ಅವರ ಕೆಲಸವಾಗಿತ್ತು. ಈಗ ಅವರು ಹದಿನೆಂಟರ ಹುಡುಗರ ಜೊತೆ ಕೂತು ಪ್ರಥಮ ಚಿಕಿತ್ಸೆಯ ಮೊದಲ ಪಾಠ ಕೇಳಬೇಕು. ಗೊತ್ತಿದ್ದನ್ನೇ ಮತ್ತೆ ಕಲಿಯಲು ಸಮಯವೂ ಹೋಯಿತು, ಹಣವೂ ಹೋಯಿತು. ಅನ್ಯಾಯ ಅಲ್ವಾ? ಇದನ್ನು ತಪ್ಪಿಸಲು ದಾರಿ ಇದೆ: ಸೇನೆಯಲ್ಲಿ ಕಲಿತದ್ದಕ್ಕೆ ಕಾಲೇಜಿನಿಂದ ಕ್ರೆಡಿಟ್, ಅಂದರೆ ಪದವಿಗೆ ಬೇಕಾದ ಓದನ್ನು ಎಣಿಸುವ ಅಂಕ, ಪಡೆಯುವುದು. ಆದರೆ ಅಲ್ಲಿ ‘ಎಷ್ಟು ಕ್ರೆಡಿಟ್ ಸಿಕ್ಕಿತು’ ಎನ್ನುವುದಕ್ಕಿಂತ ‘ಸಿಕ್ಕ ಕ್ರೆಡಿಟ್ ಪದವಿಯಲ್ಲಿ ಎಲ್ಲಿ ಕೂತಿತು’ ಎನ್ನುವುದೇ ಮುಖ್ಯ. ಈ ಒಂದು ಮಾತನ್ನು ಕೊನೆಯವರೆಗೂ ನೆನಪಿಟ್ಟುಕೊಳ್ಳಿ.

ಕ್ರೆಡಿಟ್ ಕೊಡುವವರು ಯಾರು?

ಮೊದಲ ಮಹಾಯುದ್ಧ ಮುಗಿದಾಗ ಅಮೆರಿಕದ ಎಷ್ಟೋ ಕಾಲೇಜುಗಳು ಯುದ್ಧಕ್ಕೆ ಹೋಗಿ ಬಂದವರಿಗೆ ಸಾರಾಸಗಟಾಗಿ ಕ್ರೆಡಿಟ್ ಕೊಟ್ಟವು. ಅವರು ಏನು ಕಲಿತಿದ್ದಾರೆ ಎಂದು ನೋಡಲಿಲ್ಲ. ಮನಸ್ಸು ಒಳ್ಳೆಯದೇ, ಆದರೆ ಲೆಕ್ಕ ಸರಿಯಿರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಈ ಪದ್ಧತಿ ಬೇಡ ಎನ್ನುವ ಅಭಿಪ್ರಾಯ ಬಲವಾಗಿತ್ತು. 1945ರಿಂದ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಎಂಬ ಸಂಸ್ಥೆ ಸೇನೆಯಲ್ಲಿ ಕಲಿತದ್ದನ್ನು ಅಳೆದು ನೋಡುವ ಕೆಲಸ ಮಾಡುತ್ತಾ ಬಂದಿದೆ. ಎಲ್ಲರೂ ಅದನ್ನು ‘ಏಸ್’ ಎಂದೇ ಕರೆಯುತ್ತಾರೆ. ಕಾಲೇಜುಗಳಲ್ಲಿ ಪಾಠ ಮಾಡುವವರ ತಂಡ ಸೇನೆಯ ಕೋರ್ಸುಗಳನ್ನೂ ಹುದ್ದೆಗಳನ್ನೂ ಕೂಲಂಕಷವಾಗಿ ನೋಡುತ್ತದೆ. ‘ಇದು ಈ ವಿಷಯದಲ್ಲಿ, ಈ ಮಟ್ಟದಲ್ಲಿ, ಇಷ್ಟು ಕ್ರೆಡಿಟ್, ಅಂದರೆ ಸೆಮಿಸ್ಟರ್ ಅವರ್‌ಗೆ ಸಮ’ ಎಂದು ಶಿಫಾರಸು ಬರೆಯುತ್ತದೆ.

ಶಿಫಾರಸು ಅಷ್ಟೇ. ಏಸ್ ಕ್ರೆಡಿಟ್ ಕೊಡುವುದಿಲ್ಲ, ಸಾಮಾನ್ಯವಾಗಿ ಸೇನೆಯೂ ಕೊಡುವುದಿಲ್ಲ. ಕೊಡುವುದು ನೀವು ಸೇರುವ ಕಾಲೇಜು. ಒಂದೇ ತರಬೇತಿಗೆ ಒಂದು ಕಾಲೇಜು 20 ಕ್ರೆಡಿಟ್ ಕೊಟ್ಟು, ಪಕ್ಕದ ಕಾಲೇಜು 4 ಮಾತ್ರ ಕೊಡಬಹುದು. ಹಾಗಾಗಿ ಈ ಕೆಲಸವನ್ನು ಕಾಲೇಜು ಸೇರಿದ ಮೇಲೆ ಶುರು ಮಾಡಬೇಡಿ. ಸೇರುವ ಮೊದಲೇ ಮಾಡಿ.

ಮೊದಲ ಹೆಜ್ಜೆ: ಕಾಗದಪತ್ರ

ಭೂಸೇನೆ, ನೌಕಾಪಡೆ, ಮರೀನ್ ಕೋರ್, ಕೋಸ್ಟ್ ಗಾರ್ಡ್‌ನಲ್ಲಿ ಇದ್ದವರಿಗೆ ಬೇಕಾದದ್ದು ಅವರ ತರಬೇತಿ ಮತ್ತು ಅದಕ್ಕೆ ಏಸ್ ಮಾಡಿದ ಶಿಫಾರಸುಗಳ ಪಟ್ಟಿಯಾದ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್, ಅಂದರೆ ಜೆಎಸ್‌ಟಿ. ಆನ್‌ಲೈನ್‌ನಲ್ಲಿ ಖಾತೆ ತೆರೆದರೆ ನಿಮ್ಮ ಪ್ರತಿಯನ್ನು ನೀವೇ ನೋಡಬಹುದು. ಅಧಿಕೃತ ಪ್ರತಿಯನ್ನು ಅಲ್ಲಿಂದಲೇ ಕಾಲೇಜಿಗೆ ಕಳಿಸಬಹುದು. ಇದಕ್ಕೆ ಫೀಸು ಇಲ್ಲ. ವಾಯುಪಡೆಯವರ ದಾರಿ ಬೇರೆ. ಅವರಲ್ಲಿ ಅಧಿಕಾರಿಗಳಲ್ಲದವರಿಗೆ 1972ರಲ್ಲಿ ಶುರುವಾದ ಕಮ್ಯುನಿಟಿ ಕಾಲೇಜ್ ಆಫ್ ದ ಏರ್ ಫೋರ್ಸ್ ಇದೆ. ಅದು ಮಾನ್ಯತೆ ಪಡೆದ ಕಾಲೇಜೇ ಆದ್ದರಿಂದ ಅದರ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇರುವುದು ಶಿಫಾರಸಲ್ಲ, ಕ್ರೆಡಿಟ್. ಸ್ಪೇಸ್ ಫೋರ್ಸ್‌ನವರಿಗೂ ಇದೇ ಕಾಲೇಜು.

ಇದರ ಜೊತೆ ಬಿಡುಗಡೆಯ ಪತ್ರ, ಅಂದರೆ ಡಿಡಿ-214 ಇಟ್ಟುಕೊಳ್ಳಿ. ಕಳೆದುಹೋಗಿದ್ದರೆ ಸೇಂಟ್ ಲೂಯಿಸ್‌ನ ನ್ಯಾಷನಲ್ ಪರ್ಸನೆಲ್ ರೆಕಾರ್ಡ್ಸ್ ಸೆಂಟರ್‌ಗೆ ಅರ್ಜಿ ಹಾಕಿ. 1973ರ ಜುಲೈ 12ರಂದು ಅಲ್ಲಿ ದೊಡ್ಡ ಬೆಂಕಿ ಹತ್ತಿಕೊಂಡಿತು. ಸುಮಾರು 1.6 ಕೋಟಿಯಿಂದ 1.8 ಕೋಟಿ ಕಡತಗಳು ಸುಟ್ಟುಹೋದವು. 1960ಕ್ಕೆ ಮೊದಲು ಭೂಸೇನೆ ಬಿಟ್ಟ ಬಹಳಷ್ಟು ಜನರ ದಾಖಲೆ ಹೀಗೆ ಹೋಯಿತು. ಆದರೂ ಅರ್ಜಿ ಹಾಕುವುದನ್ನು ಬಿಡಬೇಡಿ. ಬೇರೆ ದಾಖಲೆಗಳಿಂದ ಹುಡುಕಿ, ಸೇವೆ ಸಲ್ಲಿಸಿದ್ದಕ್ಕೆ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಅಲ್ಲಿ ಇದೆ.

ಎರಡನೆಯದು: ಕೂತು ಓದಿ

ಜೆಎಸ್‌ಟಿ ಕೈಗೆ ಬಂದ ಕೂಡಲೇ ಕಾಲೇಜಿಗೆ ಕಳಿಸಿಬಿಡಬೇಡಿ. ಪ್ರತಿ ಸಾಲನ್ನೂ ಓದಿ. ನೀವು ಮುಗಿಸಿದ ಕೋರ್ಸುಗಳೆಲ್ಲ ಇವೆಯೇ? ದಿನಾಂಕ ಸರಿಯಿದೆಯೇ? ಏನಾದರೂ ಬಿಟ್ಟುಹೋಗಿದ್ದರೆ ತರಬೇತಿಯ ಪ್ರಮಾಣಪತ್ರ ಕೊಟ್ಟು ತಿದ್ದಿಸಿ. ಹಳೆಯ ಟ್ರಂಕಿನ ತಳದಲ್ಲಿ ಬಿದ್ದಿರುವ ಸರ್ಟಿಫಿಕೇಟು ಈಗ ಕೆಲಸಕ್ಕೆ ಬರುತ್ತದೆ.

ಪ್ರತಿ ಶಿಫಾರಸಿನ ಪಕ್ಕದಲ್ಲಿ ಅದರ ಮಟ್ಟ ಬರೆದಿರುತ್ತದೆ. ಪದವಿಯ ಮೊದಲ ಎರಡು ವರ್ಷದ ಮಟ್ಟ, ಕೊನೆಯ ಎರಡು ವರ್ಷದ ಮಟ್ಟ, ಸ್ನಾತಕೋತ್ತರ ಮಟ್ಟ, ಬರೀ ವೃತ್ತಿ ತರಬೇತಿಯ ಮಟ್ಟ ಎಂದು ಬೇರೆಬೇರೆ ಇರುತ್ತವೆ. ಮೇಲಿನ ಮಟ್ಟದ ಕ್ರೆಡಿಟ್ ಸಿಗುವುದು ಕಷ್ಟ, ಅದರ ಬೆಲೆಯೂ ಜಾಸ್ತಿ. ಅಂಥ ಸಾಲುಗಳಿಗೆ ಗುರುತು ಹಾಕಿಟ್ಟುಕೊಳ್ಳಿ. ಆಮೇಲೆ ಏಸ್‌ನ ಮಿಲಿಟರಿ ಗೈಡ್‌ನಲ್ಲಿ ನಿಮ್ಮ ಕೋರ್ಸು ಹುಡುಕಿ. ಏನು ಕಲಿಸಿದರು, ಹೇಗೆ ಪರೀಕ್ಷಿಸಿದರು ಎನ್ನುವ ವಿವರ ಅಲ್ಲಿರುತ್ತದೆ. ಒಂದೇ ಕೋರ್ಸಿಗೆ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಶಿಫಾರಸು ಇರಬಹುದು. ಹಾಗಾಗಿ ನೀವು ಮಾಡಿದ ವರ್ಷದ್ದನ್ನೇ ನೋಡಿ. ಆ ಪುಟವನ್ನು ಮುದ್ರಿಸಿಟ್ಟುಕೊಳ್ಳಿ, ಮುಂದೆ ವಾದಕ್ಕೆ ಬೇಕಾಗುತ್ತದೆ.

ಮೂರನೆಯದು: ಎಲ್ಲಿ ಕೂರುತ್ತದೆ?

ಹೆಚ್ಚಿನ ಜನ ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ. ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಅದರಲ್ಲಿ ಒಂದು ಪಾಲು ಎಲ್ಲರೂ ಓದಬೇಕಾದ ಸಾಮಾನ್ಯ ವಿಷಯಗಳಿಗೆ, ಒಂದು ಪಾಲು ಮುಖ್ಯ ವಿಷಯಕ್ಕೆ. ಉಳಿದದ್ದು ಎಲೆಕ್ಟಿವ್, ಅಂದರೆ ಇಷ್ಟದ ವಿಷಯ. ‘ನಿಮಗೆ 40 ಕ್ರೆಡಿಟ್ ಕೊಟ್ಟಿದ್ದೇವೆ’ ಎಂದು ಕಾಲೇಜು ಪತ್ರ ಬರೆದರೆ ಖುಷಿಯಾಗುತ್ತದೆ. ಆದರೆ ಅಷ್ಟನ್ನೂ ಎಲೆಕ್ಟಿವ್‌ಗೆ ಹಾಕಿದ್ದರೆ? ನಿಮ್ಮ ಪದವಿಯಲ್ಲಿ ಎಲೆಕ್ಟಿವ್‌ಗೆ ಇರುವ ಜಾಗ 12 ಕ್ರೆಡಿಟ್ ಮಾತ್ರ ಎಂದಿಟ್ಟುಕೊಳ್ಳಿ. ಉಳಿದ 28 ಆಟಕ್ಕುಂಟು ಲೆಕ್ಕಕ್ಕಿಲ್ಲ. ಓದಬೇಕಾದ ವರ್ಷಗಳು ಅಷ್ಟೇನೂ ಕಡಿಮೆಯಾಗುವುದಿಲ್ಲ.

ಹೊರಗಿನ ಕ್ರೆಡಿಟ್ ತುಂಬಾ ಹೆಚ್ಚಾದರೂ ತೊಂದರೆಯಾಗಬಹುದು. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ನಿಯಮದಂತೆ, ಪದವಿಗೆ ಬೇಕಾದ ಕ್ರೆಡಿಟ್‌ಗಳ ಒಂದೂವರೆ ಪಟ್ಟು ದಾಟುವುದರೊಳಗೆ ಓದು ಮುಗಿಯಬೇಕು. 120ರ ಪದವಿಗೆ ಆ ಮಿತಿ 180. ಪದವಿಗೆ ಸೇರಿಸಿದ ಹೊರಗಿನ ಕ್ರೆಡಿಟ್‌ಗಳನ್ನೂ ಆ ಲೆಕ್ಕಕ್ಕೆ ಹಿಡಿಯುತ್ತಾರೆ.

ಆದ್ದರಿಂದ ಮೂರ್ನಾಲ್ಕು ಕಾಲೇಜುಗಳ ಪದವಿ ಪಟ್ಟಿ ತರಿಸಿಕೊಂಡು ನಿಮ್ಮ ಜೆಎಸ್‌ಟಿಯ ಪಕ್ಕದಲ್ಲಿಟ್ಟು ನೋಡಿ. ಯಾವ ಕೋರ್ಸು ಯಾವ ವಿಷಯದ ಬದಲಿಗೆ ಬರಬಹುದು ಎಂದು ನೀವೇ ಬರೆದುಕೊಳ್ಳಿ. ಎಲ್ಲ ಕಡೆಗೂ ಜೆಎಸ್‌ಟಿ ಕಳಿಸಿ, ‘ಸೇರುವ ಮೊದಲು ಅಂದಾಜು ಕೊಡಿ’ ಎಂದು ಕೇಳಿ. ಬಾಯಿಮಾತಿನ ಭರವಸೆ ಸಾಲದು, ಬರಹದಲ್ಲೇ ಇರಲಿ. ಆ ಕಾಲೇಜಿನಲ್ಲೇ ಇಂತಿಷ್ಟು ಕ್ರೆಡಿಟ್ ಓದಬೇಕು ಎನ್ನುವ ನಿಯಮ ಇದೆಯೇ ಎಂದೂ ಕೇಳಿಕೊಳ್ಳಿ. ಬಹುತೇಕ ಕಾಲೇಜುಗಳಲ್ಲಿ ಇರುತ್ತದೆ.

ಮಾತನಾಡಬೇಕಾದವರು

ರಿಜಿಸ್ಟ್ರಾರ್ ಕಚೇರಿಯವರು ಸಾಮಾನ್ಯ ನಿಯಮ ನೋಡುತ್ತಾರೆ. ಮುಖ್ಯ ವಿಷಯಕ್ಕೆ ಕ್ರೆಡಿಟ್ ಬೇಕಾದರೆ ಆ ವಿಭಾಗದ ಮುಖ್ಯಸ್ಥರು ಒಪ್ಪಬೇಕಾಗುತ್ತದೆ. ಅವರಿಗೆ ಸೇನೆಯ ಭಾಷೆ ಗೊತ್ತಿರುವುದಿಲ್ಲ. ‘ನಾನು 68ಡಬ್ಲ್ಯು ಆಗಿದ್ದೆ’ ಅಂದರೆ ಅರ್ಥವಾಗದು. ‘ನಾನು ಮೆಡಿಕ್, ತುರ್ತು ವೈದ್ಯಕೀಯ ತಂತ್ರಜ್ಞರ ರಾಷ್ಟ್ರೀಯ ಪ್ರಮಾಣಪತ್ರ ಇದೆ, ತರಬೇತಿಯ ವಿವರ ಇಲ್ಲಿದೆ’ ಅಂದರೆ ಮಾತು ಮುಂದೆ ಹೋಗುತ್ತದೆ. ಇಲ್ಲ ಎಂದು ಉತ್ತರ ಬಂದರೆ ಕಾರಣ ಕೇಳಿ, ಮರುಪರಿಶೀಲನೆಗೆ ಅರ್ಜಿ ಹಾಕಿ. ಸಂಕೋಚ ಬೇಡ. ನೀವು ಕೇಳುತ್ತಿರುವುದು ದಾನವಲ್ಲ, ಕಲಿತದ್ದರ ಲೆಕ್ಕ.

ಜಿಐ ಬಿಲ್, ಅಂದರೆ ಸೇನೆಯಲ್ಲಿದ್ದವರ ಓದಿಗೆ ಸರ್ಕಾರ ನೆರವು ಕೊಡುವ ಯೋಜನೆ. ಅದರ ಹಣದಲ್ಲಿ ಓದುವವರು ಇನ್ನೊಂದು ಮಾತು ತಿಳಿದಿರಬೇಕು. ಈ ಯೋಜನೆಗೆ ಒಪ್ಪಿಗೆ ಪಡೆದ ಕಾಲೇಜು ನಿಮ್ಮ ಹಿಂದಿನ ಓದು ಮತ್ತು ತರಬೇತಿಯನ್ನು ಪರಿಶೀಲಿಸಿ ದಾಖಲಿಸಲೇಬೇಕು. 9/11ರ ನಂತರದ ಜಿಐ ಬಿಲ್ ಸಾಮಾನ್ಯವಾಗಿ 36 ತಿಂಗಳ ಓದಿಗೆ ಸಿಗುತ್ತದೆ. ಒಂದು ಸೆಮಿಸ್ಟರ್ ಉಳಿದರೆ ಆ ತಿಂಗಳುಗಳನ್ನು ಸ್ನಾತಕೋತ್ತರ ಓದಿಗೆ ಬಳಸಬಹುದು. 2013ರ ಜನವರಿ 1ರಂದು ಅಥವಾ ಆಮೇಲೆ ಸೇನೆ ಬಿಟ್ಟವರಿಗೆ ಅದನ್ನು ಬಳಸಲು ಕೊನೆಯ ದಿನಾಂಕವೂ ಇಲ್ಲ.

ಇಷ್ಟಾದರೂ ಕೆಲವು ವಿಷಯ ಬಾಕಿ ಉಳಿಯುತ್ತವೆ. ಗೊತ್ತಿರುವ ವಿಷಯವಾದರೆ ಸಿಎಲ್‌ಇಪಿ ಅಥವಾ ಡಿಎಸ್‌ಎಸ್‌ಟಿ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯಬಹುದು. ಕಾಲೇಜು ಯಾವುದನ್ನು ಒಪ್ಪುತ್ತದೆ ಎಂದು ಮೊದಲೇ ಕೇಳಿಕೊಳ್ಳಿ, ಸುಮ್ನೆ ಬರೆದು ಕೂರಬೇಡಿ.

ಓದುವ ವಿಷಯ ಬದಲಿಸಿದರೆ ಮತ್ತೆ ಹೊಸದಾಗಿ ಪರಿಶೀಲನೆ ಕೇಳಿ. ನರ್ಸಿಂಗ್ ಪದವಿಯಲ್ಲಿ ಎಲೆಕ್ಟಿವ್ ಆಗಿ ಮೂಲೆಗೆ ಬಿದ್ದಿದ್ದ ಮೆಡಿಕ್ ತರಬೇತಿ, ತುರ್ತು ವೈದ್ಯಕೀಯ ಸೇವೆಯ ಪದವಿಯಲ್ಲಿ ಮುಖ್ಯ ವಿಷಯದ ಜಾಗದಲ್ಲೇ ಕೂರಬಹುದು.